ಹಗೇದವರ ಮೂವತ್ನಾಲ್ಕು ಮನೆ

ಮಾಗಳದ ಹಗೇದ ದೊಡ್ಡಬೀರಪ್ಪ ಬಾಗಿಲಿಗೆ ಬಂದು ನಿಂತನೆಂದರೆ ಯಾರೂ ಅವನನ್ನು ಒಳಗೆ ಕರೆಯುತ್ತಿರಲಿಲ್ಲ. ಅದು ಅವಮಾನವಲ್ಲ, ಕ್ರಮ. ಹಗೇದ ಎಂಬ ಮನೆತನದಲ್ಲಿ ಯಾರಾದರೂ ತೀರಿಕೊಂಡರೆ ಆ ಹೆಸರಿನ ಪ್ರತಿ ಮನೆಗೂ ಹೋಗಿ ಸುದ್ದಿ ಮುಟ್ಟಿಸುವುದು ಅವನ ಕೆಲಸ. ಅವನಿಗಿಂತ ಮೊದಲು ಅವನ ಅಪ್ಪ ಮಾಡಿದ್ದೂ ಅದನ್ನೇ. ಹೊಸ್ತಿಲ ಹೊರಗೆ ನಿಂತು ಸತ್ತವರ ಹೆಸರಷ್ಟನ್ನೇ ಹೇಳಬೇಕು. ಕೂಡುವಂತಿಲ್ಲ, ನೀರು ಕೇಳುವಂತಿಲ್ಲ. ಒಳಗೆ ಮನೆಯ ಹೆಂಗಸು ರೊಟ್ಟಿ ಸುಡುವ ಹಂಚನ್ನು ಒಲೆಯ ಮೇಲೆ ಬೋರಲು ಹಾಕುತ್ತಾಳೆ. ಆ ಸಪ್ಪಳ ಕಿವಿಗೆ ಬಿದ್ದ ಮೇಲೆ ಅವನು ಮುಂದಿನ ಮನೆಗೆ ಹೊರಡುತ್ತಾನೆ. ಅಂದಿನಿಂದ ಮೂರು ದಿನ ಆ ಮನೆಯಲ್ಲಿ ರೊಟ್ಟಿ ಬಡಿಯುವುದಿಲ್ಲ, ನೆರೆಯವರು ಕೊಟ್ಟದ್ದೇ ಊಟ.

ಹಂಚೇ ಯಾಕೆ ಎಂದು ಕೇಳಿದರೆ ಹಗೇದವರು ತಮ್ಮ ಹೆಸರಿನ ಕಥೆ ಹೇಳುತ್ತಾರೆ. ಹಗೇವು ಎಂದರೆ ನೆಲದೊಳಗೆ ಹೂಜಿಯಂತೆ ತೋಡಿ, ಜೋಳ ತುಂಬಿ, ಬಾಯಿಗೆ ಬಂಡೆ ಎಳೆದು ಮಣ್ಣು ಮುಚ್ಚಿಡುವ ಕಣಜ. ವರ್ಷಗಟ್ಟಲೆ ಮುಚ್ಚಿದ್ದರ ಒಳಗೆ ಕೆಟ್ಟ ಗಾಳಿ ನಿಂತಿರುತ್ತದೆ. ಬಾಯಿ ತೆರೆದವರು ಮೊದಲು ಒಂದು ದೀಪವನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡಬೇಕು. ಅದು ಆರಿದರೆ ಮನುಷ್ಯ ಇಳಿಯಬಾರದು. ಮುತ್ತಾತನ ಕಾಲದ ಬರದ ಎರಡನೆಯ ವರ್ಷ, ಊರಿಗೆ ಊರೇ ಸೊಪ್ಪುಸದೆ ತಿನ್ನುತ್ತಿದ್ದಾಗ, ಈ ಮನೆಯ ಹಿರಿಯ ತನ್ನ ಹಗೇವು ತೆರೆಸಿದ. ದೀಪ ಇಳಿಬಿಟ್ಟರು, ಆರಿತು. ಸುತ್ತ ಕೂಸುಗಳನ್ನು ಕಂಕುಳಲ್ಲಿಟ್ಟುಕೊಂಡ ಹೆಂಗಸರು ನಿಂತಿದ್ದರು. ಹಿರಿಯ ಅವರ ಮುಖ ನೋಡಿದ, ಇಳಿದ. ಏಳು ಬುಟ್ಟಿ ಜೋಳ ಮೇಲೆ ಬಂತು. ಎಂಟನೆಯದಕ್ಕೆ ಹಗ್ಗ ಅಲುಗಲಿಲ್ಲ. ಅಂದು ಊರಿಗೆಲ್ಲ ರೊಟ್ಟಿಯಾಯಿತು, ಅವನ ಮನೆಯಲ್ಲಿ ಮಾತ್ರ ಹಂಚು ಬೋರಲಾಯಿತು. ಅವನ ಮಕ್ಕಳಿಗೆ ಹಗೇದವರು ಎಂಬ ಹೆಸರು ನಿಂತಿತು.

ಅಷ್ಟು ಜೋಳ ಇಟ್ಟುಕೊಂಡವನು ಬರದ ಎರಡನೆಯ ವರ್ಷದವರೆಗೆ ಯಾಕೆ ಕಾದನೋ ಯಾರೂ ಕೇಳುವುದಿಲ್ಲ. ಮನೆತನದ ಕಥೆಗೆ ಅಂಥ ಪ್ರಶ್ನೆ ಹಾಕಬಾರದು.

ದೊಡ್ಡಬೀರಪ್ಪನಿಗೆ ಓದು ಬರಹ ಬರುತ್ತಿರಲಿಲ್ಲ, ಆದರೆ ಹಗೇದವರು ಎಲ್ಲೆಲ್ಲಿ ಎಷ್ಟು ಮನೆ ಎಂದು ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತಿದ್ದ. ಮಾಗಳದಲ್ಲಿ ಆರು, ಇಟ್ಟಿಗಿಯಲ್ಲಿ ನಾಲ್ಕು, ಹಡಗಲಿ ಪೇಟೆಯಲ್ಲಿ ಮೂರು, ಹಗರಿಬೊಮ್ಮನಹಳ್ಳಿಯಲ್ಲಿ ನಾಲ್ಕು, ಕೊಟ್ಟೂರಿನ ಸುತ್ತ ಮೂರು, ಕೂಡ್ಲಿಗಿ ಕಡೆ ಮೂರು. ಒಟ್ಟು ಇಪ್ಪತ್ತಮೂರು. ಕೆಲವರು ಕುರಿ ಬಿಟ್ಟು ಕಮತಕ್ಕೆ ಇಳಿದಿದ್ದರು, ಒಬ್ಬ ಬಸ್ಸಿನ ಕಂಡಕ್ಟರಾಗಿದ್ದ. ಯಾವ ಮನೆಯಲ್ಲಿ ಹೊಸ ಸೊಸೆ ಬಂದಳು, ಯಾವ ಮನೆ ಎರಡಾಯಿತು, ಎಲ್ಲ ಅವನ ನಾಲಿಗೆಯ ತುದಿಯಲ್ಲಿತ್ತು. ಸಾವಿನ ಸುದ್ದಿ ಹೊತ್ತು ತಿರುಗುವವನಿಗೆ ಬದುಕಿರುವವರ ಸುದ್ದಿ ತಪ್ಪಿದ್ದಲ್ಲ. ಒಂದು ಕೊರಗು ಮಾತ್ರ ಇತ್ತು. ಬೇರೆ ಮನೆತನದವರು ನೂರು ಮನೆ, ಇನ್ನೂರು ಮನೆ ಎಂದು ಎದೆ ಸೆಟೆಸಿ ಹೇಳುವಾಗ ಇಪ್ಪತ್ತಮೂರು ಎನ್ನಲು ಅವನಿಗೆ ನಾಚಿಕೆಯಾಗುತ್ತಿತ್ತು.

ಆ ನಾಚಿಕೆಯೇ ಮುಂದಿನದ್ದಕ್ಕೆಲ್ಲ ಬೀಜ. ಎಂಬತ್ತೊಂದನೆಯ ಇಸವಿಯಲ್ಲಿ ಒಂದು ಟಗರು ನೋಡಿ ಬರಲು ಹರಪನಹಳ್ಳಿ ಕಡೆಯ ಚಿಗಟೇರಿಗೆ ಹೋಗಿದ್ದ. ಏಳು ವರ್ಷದ ಮಗಳು ಶಿವಲೀಲಾ ಹಟ ಮಾಡಿ ಹೆಗಲೇರಿದ್ದಳು. ಚಹಾದಂಗಡಿಯಲ್ಲಿ ಯಾರೋ ‘ಹಗೇದ ಗಾಳೆಪ್ಪ’ ಎಂದರು. ದೊಡ್ಡಬೀರಪ್ಪ ಚಹಾ ಅರ್ಧಕ್ಕೇ ಇಟ್ಟು ಎದ್ದ. ವಿಚಾರಿಸಿಕೊಂಡು ಹೋದ. ಗಾಳೆಪ್ಪನೆಂಬ ಮುದುಕ ಕಟ್ಟೆಯ ಮೇಲೆ ಕೂತು ಉಣ್ಣೆ ನೂಲುತ್ತಿದ್ದ.

“ನಿಮಗ ಹಗೇದೋರು ಅಂತ ಹೆಸರು ಹೆಂಗ ಬಂತು, ತಾತ?”

“ನಮ್ಮ ಹಿರೇರು ಊರೂರು ತಿರುಗಿ ಹಗೇವು ತೋಡ್ತಿದ್ರಂತಪ್ಪ. ಗೌಡ್ರ ಮನೀಗೆ, ಶೆಟ್ರ ಮನೀಗೆ. ತೋಡಿದ್ದು ನೂರಾರು, ನಮ್ಮದು ಅಂತ ಒಂದೂ ಇರ್ಲಿಲ್ಲ.”

“ಬೆಡಗು ಯಾವುದು?”

ಒಂದೇ ಬೆಡಗಿನವರು ಅಣ್ಣತಮ್ಮಂದಿರು. ಅವರವರಲ್ಲಿ ಹೆಣ್ಣು ಕೊಟ್ಟು ತರುವಂತಿಲ್ಲ. ಹಾಗಾಗಿ ಈ ಪ್ರಶ್ನೆ ಕೇಳಲೇಬೇಕಿತ್ತು.

ಗಾಳೆಪ್ಪ ನಕ್ಕ. “ಗುಳೇ ಬರೋವಾಗ ಅದನ್ನೂ ಅಲ್ಲೇ ಬಿಟ್ಟು ಬಂದಾರೆ ಕಾಣ್ತದೆ. ನಮಗೆ ಗೊತ್ತಿಲ್ಲ.”

ಕಥೆ ಬೇರೆ, ಸೀಮೆ ಬೇರೆ, ಬೆಡಗು ಗೊತ್ತಿಲ್ಲ. ನ್ಯಾಯವಾಗಿ ದೊಡ್ಡಬೀರಪ್ಪ ಅಲ್ಲಿಂದ ಎದ್ದು ಟಗರು ನೋಡಲು ಹೋಗಬೇಕಿತ್ತು. ಅವನು ಎದ್ದುಹೋಗದೆ ದೀಪ ಆರಿದ ಕಥೆ ಹೇಳಿದ. ಏಳು ಬುಟ್ಟಿಗೆ ಬರುವಷ್ಟರಲ್ಲಿ ಮುದುಕನ ಕಣ್ಣು ಒದ್ದೆಯಾಗಿತ್ತು. ಜೀವಮಾನವೆಲ್ಲ ಇನ್ನೊಬ್ಬರ ಹಗೇವು ತೋಡಿದವರ ಮೊಮ್ಮಗನಿಗೆ, ಹಗೇವಿನ ಒಡೆಯನ ವಂಶ ನಿನ್ನದು ಎಂದರೆ ಯಾಕೆ ಬೇಡವಾದೀತು? “ಅಂದ್ರೆ ಹಂಗೇ ಇರಬೌದು ಬಿಡಪ್ಪ” ಎಂದ ಗಾಳೆಪ್ಪ. ಅವರ ಬಳಗ ಚಿಗಟೇರಿ, ಬಾಗಳಿ, ಅರಸೀಕೆರೆ ಎಲ್ಲ ಕೂಡಿಸಿ ಹನ್ನೊಂದು ಮನೆಯಿತ್ತು.

ವಾಪಸು ಬರುವಾಗ ಹೆಗಲ ಮೇಲಿನ ಮಗಳು ಕೇಳಿದಳು. “ಅಪ್ಪ, ಆ ತಾತ ಬ್ಯಾರೆ ಕತಿ ಹೇಳಿದ್ನಲ್ಲ. ಅವ್ರು ಹೆಂಗ ನಮ್ಮೋರು?”

“ಹೆಸರು ಒಂದ ಐತಿ, ಅದಕ್ಕ ನಮ್ಮೋರು. ಇದನ್ನ ಯಾರ ಮುಂದೂ ಅನಬ್ಯಾಡ, ಹಾಂ?”

“ಹೂಂ” ಎಂದಳು ಶಿವಲೀಲಾ. ಊರು ಬರುವಷ್ಟರಲ್ಲಿ ಅವನ ತಲೆಯ ಮೇಲೆ ಗಲ್ಲವಿಟ್ಟು ನಿದ್ದೆ ಹೋಗಿದ್ದಳು.

ಬರದ ಹಿರಿಯನ ಕಿರಿಮಗನೊಬ್ಬ ಹರಪನಹಳ್ಳಿ ಸೀಮೆಗೆ ಹೋಗಿ ನೆಲೆಸಿದ್ದನೆಂದೂ ಅವನ ಕುಡಿಗಳು ಸಿಕ್ಕವೆಂದೂ ದೊಡ್ಡಬೀರಪ್ಪ ಮಾಗಳದಲ್ಲಿ ಸಾರಿದ. ಜನ ಹಿಗ್ಗಿದರು. ಬೀರಪ್ಪ ದೇವರ ಗುಡಿಯಲ್ಲಿ ಎರಡೂ ಕಡೆಯವರು ಸೇರಿ ಒಂದೇ ಪಂಕ್ತಿಯಲ್ಲಿ ಉಂಡರು. ಇಪ್ಪತ್ತಮೂರು ಮೂವತ್ನಾಲ್ಕಾಯಿತು. ಅಲ್ಲಿಂದ ಮುಂದೆ ಅವನು ಹರಪನಹಳ್ಳಿ ಕಡೆಗೂ ಸುದ್ದಿ ಒಯ್ದ, ಅಲ್ಲಿನ ಸುದ್ದಿ ಇಲ್ಲಿಗೆ ತಂದ. ಮುಖ ನೋಡದವರ ಸಾವಿಗೂ ಎರಡು ಕಡೆ ಹಂಚುಗಳು ಬೋರಲಾದವು. ಎರಡು ವರ್ಷಕ್ಕೆ ಗಾಳೆಪ್ಪ ತೀರಿಕೊಂಡ. ಹಗೇವು ತೋಡುವವರ ಕಥೆಯನ್ನು ಅವನ ಮಕ್ಕಳು ಮರೆತೇಬಿಟ್ಟರು. ಚೆಂದದ ಕಥೆ ಸಿಕ್ಕಮೇಲೆ ಬಡ ಕಥೆ ಯಾರಿಗೆ ಬೇಕು?

ತೊಂಬತ್ನಾಲ್ಕರಲ್ಲಿ ಆ ಸುಳ್ಳು ತಿರುಗಿ ಬಂದು ದೊಡ್ಡಬೀರಪ್ಪನ ಮನೆಯ ಬಾಗಿಲನ್ನೇ ತಟ್ಟಿತು. ಗಾಳೆಪ್ಪನ ಮೊಮ್ಮಗ ಮೈಲಾರೇಶ ಬೇಸಿಗೆಯಲ್ಲಿ ಹೊಳೆದಂಡೆಯ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಲು ಮಾಗಳಕ್ಕೆ ಬರುತ್ತಿದ್ದ. ದೊಡ್ಡಬೀರಪ್ಪನನ್ನು ‘ದೊಡ್ಡಪ್ಪ’ ಎಂದು ಬಾಯ್ತುಂಬ ಕರೆಯುವ ಹುಡುಗ. ಮೂರನೆಯ ಬೇಸಿಗೆ ಕಳೆಯುವಷ್ಟರಲ್ಲಿ ಅವನೂ ಶಿವಲೀಲಾಳೂ ಕೊಟ್ಟೂರಿಗೆ ಹೋಗಿ ತಾಳಿ ಕಟ್ಟಿಕೊಂಡು ಬಂದರು.

ಊರು ಹೌಹಾರಿತು. ಒಂದೇ ಹೆಸರು, ಒಂದೇ ಸೂತಕ, ಅಣ್ಣತಂಗಿ ಮದುವೆಯಾದಂತೆ. ಬೀರಪ್ಪನ ಗುಡಿಯ ಮುಂದೆ ಎರಡೂ ಕಡೆಯ ಹಿರಿಯರು ಕೂತರು. ಮನೆತನಕ್ಕೆ ಹಿರಿಯನಾದ ಇಟ್ಟಿಗಿಯ ಪಾಲಾಕ್ಷಪ್ಪ ಕೆಟ್ಟವನಲ್ಲ, ನೇರ ಮನುಷ್ಯ. ಅವನು ದೊಡ್ಡಬೀರಪ್ಪನನ್ನೇ ಕೇಳಿದ.

“ಆ ಹನ್ನೊಂದು ಮನಿ ಕೂಡಿಸಿದಾವ ನೀನು. ಈಗ ಗುಡಿ ಮುಂದ ನಿಂತು ಹೇಳು. ಅವ್ರು ನಮ್ಮ ಅಣ್ಣತಮ್ಮರು ಹೌದೋ, ಅಲ್ಲೋ? ಅಲ್ಲಂದ್ರ ನಿನ್ನ ಮಗಳ ಮದುವಿ ಮದುವೀನ, ನಾವ ಅಕ್ಕಿಕಾಳು ಹಾಕ್ತೀವಿ.”

ಒಂದು ಮಾತು ಸಾಕಿತ್ತು. ‘ಅಲ್ಲ’ ಎಂದಿದ್ದರೆ ಮಗಳು ಉಳಿಯುತ್ತಿದ್ದಳು. ಆದರೆ ಹದಿಮೂರು ವರ್ಷ ಮೂವತ್ನಾಲ್ಕು ಮನೆಯವರು ಸುಳ್ಳು ನಂಟಿಗೆ ಹಂಚು ಬೋರಲು ಹಾಕಿದರೆಂದು ಆಗುತ್ತಿತ್ತು. ಸುದ್ದಿ ಮುಟ್ಟಿಸುವವನಿಗೆ ಇರುವ ಆಸ್ತಿಯೆಂದರೆ ಅವನ ಮಾತು ಒಂದೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ದೊಡ್ಡಬೀರಪ್ಪ ತಲೆಯೆತ್ತಿದ. ಶಿವಲೀಲಾ ಗುಡಿಯ ಕಂಬಕ್ಕೆ ಒರಗಿ ನಿಂತು ಅವನನ್ನೇ ನೋಡುತ್ತಿದ್ದಳು. ಅಳುತ್ತಿರಲಿಲ್ಲ. ಏನೋ ಹೇಳಹೊರಟ ಮೈಲಾರೇಶನ ತೋಳನ್ನು ಹಿಡಿದು ತಡೆದಳು. ನಾಚಿಕೆಗೆಟ್ಟವಳು, ಕಣ್ಣು ತಗ್ಗಿಸುವುದೂ ಇಲ್ಲ ಎಂದುಕೊಂಡ ಅವನು.

“ಹೌದು” ಎಂದ.

ಮೈಲಾರೇಶನ ಮನೆಯನ್ನು ಹೊರಗಿಟ್ಟರು. ಅಲ್ಲಿಗೆ ಸುದ್ದಿ ಒಯ್ಯುವಂತಿಲ್ಲ, ಅಲ್ಲಿಂದ ತರುವಂತಿಲ್ಲ. ಮೂವತ್ನಾಲ್ಕು ಮೂವತ್ಮೂರಾಯಿತು. ದೊಡ್ಡಬೀರಪ್ಪನ ಹೆಂಡತಿ ಹಂಪಕ್ಕ ಎಂಟು ದಿನ ಒಲೆಯ ಮುಂದಿಂದ ಏಳಲಿಲ್ಲ. ಆಮೇಲೆ ಎದ್ದಳು. “ಇದ್ದಾಕಿ ಒಬ್ಬ ಮಗಳು, ಆಕಿನ ಹಿಂಗ ಮಾಡಿದ್ಲು” ಎಂದಳು. ಗಂಡ ಗುಡಿಯ ಮುಂದೆ ಆಡಿದ್ದು ಸತ್ಯವೆಂದೇ ಆಕೆ ನಂಬಿದ್ದಳು. ಮನಸ್ಸು ಗಟ್ಟಿ ಮಾಡಿಕೊಂಡು ಒಂಬತ್ತು ವರ್ಷ ಮಗಳ ಮುಖ ನೋಡಲಿಲ್ಲ. ದೊಡ್ಡಬೀರಪ್ಪ ಚಿಗಟೇರಿಗೆ ಹೋದಾಗಲೆಲ್ಲ ಆ ಓಣಿ ಬಿಟ್ಟು ಸುತ್ತು ಹಾಕಿ ನಡೆದ. ಒಮ್ಮೆ ದೂರದಿಂದ ಅವಳು ಕೊಡ ಹೊತ್ತು ಹೋಗುವುದನ್ನು ಕಂಡ. ಅವಳೂ ಕಂಡಳು, ನಿಂತಳು. ಅವನು ಮುಖ ತಿರುಗಿಸಿ ಬಸ್ಸಿನ ಹಾದಿ ಹಿಡಿದ. ತೊಂಬತ್ತೇಳರಲ್ಲಿ ಹರಪನಹಳ್ಳಿ ತಾಲೂಕನ್ನು ಬಳ್ಳಾರಿಯಿಂದ ಬಿಡಿಸಿ ದಾವಣಗೆರೆ ಜಿಲ್ಲೆಗೆ ಸೇರಿಸಿದಾಗ, ಆ ಕಡಿಯೋರು ಬ್ಯಾರೆ ಅಂತ ಸರಕಾರಕ್ಕೆ ಗೊತ್ತಾತು, ದೊಡ್ಡಬೀರಪ್ಪಗ ಗೊತ್ತಾಗಲಿಲ್ಲ ನೋಡು ಎಂದು ಯಾರೋ ಕಟ್ಟೆಯ ಮೇಲೆ ತಮಾಷೆ ಮಾಡಿದರು. ಎಲ್ಲರೂ ನಕ್ಕರು. ಅವನು ಮಾತ್ರ ಕಂಬಳಿ ಕೊಡವಿ ಎದ್ದು ಮನೆಗೆ ನಡೆದ.

ಎರಡು ಸಾವಿರದ ಮೂರರ ಶ್ರಾವಣದಲ್ಲಿ ಇಟ್ಟಿಗಿಯ ಪಾಲಾಕ್ಷಪ್ಪ ತೀರಿಕೊಂಡ. ಅಷ್ಟು ಹೊತ್ತಿಗೆ ಊರೂರಿಗೆ ಫೋನು ಬಂದಿತ್ತು. ಆದರೂ ಫೋನಿನ ಮಾತಿಗೆ ಹಗೇದವರು ಹಂಚು ಬೋರಲು ಹಾಕುತ್ತಿರಲಿಲ್ಲ. ಮನುಷ್ಯ ಬಂದು ನಿಲ್ಲಬೇಕು. ಅರವತ್ತು ದಾಟಿದ್ದ ದೊಡ್ಡಬೀರಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಟ. ಈ ಕಡೆಯ ಮನೆಗಳಿಗೆ ಮೂರು ದಿನ ತಿರುಗಿ, ಆಮೇಲೆ ಹರಪನಹಳ್ಳಿ ಕಡೆ ಹೊರಳಿದ. ಅಲ್ಲಿ ಮೊದಲು ಸಿಗುವುದು ಬಾಗಳಿಯ ಮನೆ. ಹೊಸ್ತಿಲ ಹೊರಗೆ ನಿಂತು “ಇಟ್ಟಿಗಿ ಪಾಲಾಕ್ಷಪ್ಪ” ಎಂದ.

ಸಪ್ಪಳ ಬರಲಿಲ್ಲ. ಇನ್ನೊಮ್ಮೆ ಹೇಳಿದ. ಬಗ್ಗಿ ಒಳಗೆ ನೋಡಿದರೆ ಹಂಚು ಆಗಲೇ ಬೋರಲಾಗಿತ್ತು.

“ನನಗಿಂತ ಮುಂಚೆ ಫೋನ್ ಬಂತೇನವಾ?”

ಆ ಮನೆಯ ಸೊಸೆ ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ಅವನ ಮುಂದಿಟ್ಟಳು. ಮೂವತ್ತು ವರ್ಷದಲ್ಲಿ ಯಾರೂ ಹಾಗೆ ಮಾಡಿರಲಿಲ್ಲ.

“ಕೂತ್ಕೊಳ್ರಿ ದೊಡ್ಡಪ್ಪ.”

“ನಾ ಕೂಡಂಗಿಲ್ಲವಾ, ಗೊತ್ತಲ್ಲ.”

“ಈ ಹಂಚು ಪಾಲಾಕ್ಷಪ್ಪಗಲ್ಲ ದೊಡ್ಡಪ್ಪ. ಶಿವಲೀಲಕ್ಕಗೆ. ಮೊನ್ನೆ ಹೋದ್ಲು.”

ಅವನು ಕೂತ. ತಂಬಿಗೆ ಕೈತಾಗಿ ಉರುಳಿ, ನೀರೆಲ್ಲ ಕಟ್ಟೆಯ ಮೇಲೆ ಹರಿಯಿತು. ಯಾವ ಕಡೆಯಿಂದ ಎದ್ದು ಯಾವ ಹಾದಿಯಲ್ಲಿ ಚಿಗಟೇರಿ ಮುಟ್ಟಿದನೋ ಅವನಿಗೆ ನೆನಪಿಲ್ಲ. ಒಂಬತ್ತು ವರ್ಷ ಸುತ್ತು ಹಾಕಿದ ಓಣಿಯಲ್ಲಿ ಅಂದು ನೇರ ನಡೆದ. ಮೈಲಾರೇಶ ಜಗುಲಿಯ ಮೇಲೆ ಕೂತಿದ್ದ. ಅವನ ತಾಯಿ ಎರ್ರೆಮ್ಮ ಬಾಗಿಲಲ್ಲಿದ್ದಳು. ಇಬ್ಬರೂ ಎದ್ದು ನಿಂತರು.

“ಬರ್ರಿ ಮಾವ” ಎಂದ ಮೈಲಾರೇಶ. ದೊಡ್ಡಪ್ಪ ಎನ್ನಲಿಲ್ಲ.

ಕಾಮಾಲೆಯಾಗಿತ್ತು, ನಾಟಿ ಔಷಧ ಕೊಡಿಸಿದೆವು, ದಾವಣಗೆರೆಗೆ ಒಯ್ಯುವಷ್ಟರಲ್ಲಿ ಕೈಮೀರಿತ್ತು ಎಂದು ಎರ್ರೆಮ್ಮ ಹೇಳಿದಳು. ಮಣ್ಣು ಮಾಡಿ ಆಗಿತ್ತು.

“ನನಗ ಒಂದು ಮಾತು ಹೇಳಿ ಕಳಿಸಬೇಕೋ ಬ್ಯಾಡೋ?” ದೊಡ್ಡಬೀರಪ್ಪ ಕೇಳಿದ.

“ಯಾರನ್ನ ಕಳಿಸ್ಲಿ ಮಾವ? ಸುದ್ದಿ ಮುಟ್ಟಿಸೋರು ನೀವ. ಮಾಗಳಕ್ಕೆ ಫೋನ್ ಮಾಡಿದ್ವಿ. ಆ ಮನಿ ಸುದ್ದಿ ನಾವು ತಗಳಂಗಿಲ್ಲ ಅಂದು ಇಟ್ಬಿಟ್ರು. ಈ ಕಡಿ ಹತ್ತು ಮನಿಯೋರು ಮಾತ್ರ ಯಾರ ಮಾತೂ ಕೇಳ್ಲಿಲ್ಲ. ನಮ್ಮ ಸೊಸಿ ಅಂದ್ರು, ಹಂಚು ಬೋರಲು ಹಾಕಿದ್ರು.”

ದೊಡ್ಡಬೀರಪ್ಪ ಜಗುಲಿಯ ಅಂಚಿಗೆ ಕೂತ. ಹೇಳದೆ ಇನ್ನು ಇರಲಾಗಲಿಲ್ಲ. “ಆಕಿ ತಪ್ಪು ಮಾಡಿಲ್ಲಪ್ಪ. ನಿಮಗೂ ನಮಗೂ ರಕ್ತದ ಸಂಬಂಧ ಇಲ್ಲ. ನಿಮ್ಮ ತಾತ ನನಗ ಹೇಳಿದ್ದ. ನಾನು...”

“ಗೊತ್ತೈತಿ” ಎಂದ ಮೈಲಾರೇಶ. “ಮೊದಲಿಂದ ಗೊತ್ತಿತ್ತು. ಆಕಿನ ಹೇಳಿದ್ಲು. ಅಪ್ಪನ ಹೆಗಲ ಮ್ಯಾಲೆ ಕುಂತು ಕೇಳೀನಿ, ನಾವು ಅಣ್ಣತಂಗಿ ಅಲ್ಲ ಅಂತ. ಅದು ಗೊತ್ತಿದ್ದಕ್ಕ ನನ್ನ ಮದುವಿ ಆದ್ಲು.”

ಮುದುಕ ಕತ್ತೆತ್ತಿದ.

“ಗುಡಿ ಮುಂದ ನಾನ ಹೇಳಾಕ ಹೊಂಟಿದ್ದೆ. ಬಿಡ್ಲಿಲ್ಲ. ಆಮ್ಯಾಗೂ ಎಷ್ಟು ಸಲ ಜಗಳಾಡೀನಿ. ಒಂದ ಮಾತು ಅಂತಿದ್ಲು. ಅಪ್ಪ ಮೂವತ್ನಾಕು ಬಾಗ್ಲಿಗೆ ಹೋಗಿ ನಿಲ್ಲೋ ಮನುಷ್ಯ, ಅವನು ಸುಳ್ಳ ಅಂತ ಆದ್ರ ಅವನ ಮಾತಿಗೆ ಯಾರು ಹಂಚು ಬೋರಲು ಹಾಕ್ತಾರ? ಅವನಾಗೇ ಹೇಳಿದ್ರ ಹೇಳಲಿ, ನಾನು ಹೇಳಲ್ಲ ಅಂತ.”

ಕಂಬಕ್ಕೆ ಒರಗಿ ಕಣ್ಣು ತಗ್ಗಿಸದೆ ನೋಡಿದ ಮಗಳು ನಾಚಿಕೆಗೆಟ್ಟಿರಲಿಲ್ಲ. ಅಪ್ಪ ಹೇಳುತ್ತಾನೆಂದು ಕಾಯುತ್ತಿದ್ದಳು. ಒಂಬತ್ತು ವರ್ಷ ಕಾದಳು. ಏಳು ವರ್ಷದವಳಿದ್ದಾಗ ಯಾರ ಮುಂದೂ ಅನ್ನಬೇಡ ಎಂದಿದ್ದ, ಹೂಂ ಎಂದಿದ್ದಳು. ಆ ಒಂದು ಹೂಂ ಅನ್ನು ಸಾಯುವತನಕ ನಡೆಸಿದಳು. ದೊಡ್ಡಬೀರಪ್ಪ ಕಂಬಳಿಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಎರ್ರೆಮ್ಮ ಬೇಡವೆನ್ನಲಿಲ್ಲ, ಪಕ್ಕದಲ್ಲಿ ಕೂತಳು.

ಮಾರನೆಯ ದಿನ ಮಧ್ಯಾಹ್ನ ಮಾಗಳದ ತನ್ನ ಮನೆಯ ಮುಂದೆ ಬಂದು ನಿಂತ. ಒಳಗೆ ಬರಲಿಲ್ಲ. ಪಾಲಾಕ್ಷಪ್ಪನ ಸೂತಕ ಮುಗಿದಿತ್ತು, ಹಂಪಕ್ಕ ರೊಟ್ಟಿ ಬಡಿಯುತ್ತಿದ್ದಳು.

“ಬರ್ರಿ, ಕೈಕಾಲು ತೊಳಕೊಳ್ರಿ. ಹೊರಗ ಯಾಕ ನಿಂತ್ರಿ?”

ಅವನು ಅಲುಗಲಿಲ್ಲ. ಹಂಪಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಗಂಡ ಬೇರೆಯವರ ಬಾಗಿಲಲ್ಲಿ ಹೇಗೆ ನಿಲ್ಲುತ್ತಾನೆಂದು ಆಕೆ ಎಂದೂ ನೋಡಿದವಳಲ್ಲ.

“ಹಗೇದ ಶಿವಲೀಲಾ” ಎಂದ.

ಒಳಗಿನಿಂದ ಯಾವ ಸಪ್ಪಳವೂ ಬರಲಿಲ್ಲ. ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆಯಾಡಿತು. ಆಕೆ ಕೇಳಿದ್ದು ಒಂದೇ. “ಹಾಕಬೌದೇನ್ರಿ? ನಾವು ಹೊರಗಿಟ್ಟಾಕಿಗೆ?”

ಆಗ ಹೊಸ್ತಿಲ ಹೊರಗೆ ನಿಂತೇ ಎಲ್ಲ ಹೇಳಿದ. ಟಗರಿನಿಂದ ಹಿಡಿದು ಗುಡಿಯ ಮುಂದಿನ ‘ಹೌದು’ವರೆಗೆ, ಮಗಳು ಕಾದದ್ದರವರೆಗೆ. ಹಂಪಕ್ಕ ಕೇಳಿ ಮುಗಿಸಿ, ಸುಡುವ ಹಂಚನ್ನು ಬರಿಗೈಯಲ್ಲೇ ಹಿಡಿದು ಬೋರಲು ಹಾಕಿದಳು. ರೊಟ್ಟಿ ಬೂದಿಗೆ ಬಿತ್ತು.

“ಒಂಬತ್ತು ವರ್ಷ ನಾ ಆಕಿಗೆ ಶಾಪ ಹಾಕೀನಿ” ಎಂದಳು. ಕೂಗಾಡಲಿಲ್ಲ. “ಈ ಕಡಿ ಉಳಿದ ಮನಿಗೂ ಹೋಗಿ ಇದನ್ನ ಹಿಂಗ ಹೇಳಿ ಬರ್ರಿ. ಒಂದು ಮನೀನೂ ಬಿಡಬ್ಯಾಡ್ರಿ. ಹೇಳಿ ಮುಗಿಸೋ ತನಕ ಈ ಹೊಸ್ತಿಲು ದಾಟಬ್ಯಾಡ್ರಿ.”

ಅವನು ಮೂರು ದಿನ ತಿರುಗಿದ. ಈ ಕಡೆಯ ಇಪ್ಪತ್ತೆರಡು ಹೊಸ್ತಿಲಲ್ಲಿ ನಿಂತು ಮಗಳ ಹೆಸರನ್ನೂ ತನ್ನ ಸುಳ್ಳನ್ನೂ ಹೇಳಿದ. ಹಡಗಲಿಯಲ್ಲಿ ಒಬ್ಬ ಮುಖದ ಮೇಲೆ ಕದ ಹಾಕಿದ. ಇಟ್ಟಿಗಿಯಲ್ಲಿ ಪಾಲಾಕ್ಷಪ್ಪನ ಮಗ, ನಮ್ಮಪ್ಪನ ಕೈಲಿ ಪಾಪ ಮಾಡಿಸಿದೆಲ್ಲೋ ಎಂದು ಅತ್ತ. ಕೂಡ್ಲಿಗಿಯ ಮುದುಕಿಯೊಬ್ಬಳು, ಹಂಗಾದ್ರ ಆಕಿ ಕೊಟ್ಟ ಹೆಣ್ಣು, ಕೊಟ್ಟ ಹೆಣ್ಣಿಗೆ ತವರಿನ ದಾಯಾದಿಗಳು ಸೂತಕ ಹಿಡಿಯೋ ಪದ್ಧತಿ ಇಲ್ಲಪ್ಪ ಎಂದು ನ್ಯಾಯ ಹೇಳಿದಳು. ನ್ಯಾಯ ಸರಿಯೇ ಇತ್ತು. ತಪ್ಪು ಮಾಡಿದ ಮಗಳಾದರೆ ಹೊರಗಿನವಳು, ತಪ್ಪಿಲ್ಲದ ಮಗಳಾದರೆ ಕೊಟ್ಟ ಮನೆಯವಳು. ಸುಳ್ಳು ಅವಳನ್ನು ಕಳೆದಿತ್ತು, ಸತ್ಯವೂ ಅವಳನ್ನು ಅವನಿಗೆ ಮರಳಿ ಕೊಡಲಿಲ್ಲ. ಆದರೂ ಕೆಲವು ಹೆಂಗಸರು ಪದ್ಧತಿ ಕೇಳದೆ ಒಳಗೆ ನಡೆದರು. ಅವನು ಹೊರಗೆ ನಿಂತು ಕಿವಿಗೊಟ್ಟು ಎಣಿಸಿದ.

ಮೂರನೆಯ ಸಂಜೆ ಮನೆಗೆ ಬಂದಾಗ ಹಂಪಕ್ಕ ಬಾಗಿಲಲ್ಲೇ ಕೂತಿದ್ದಳು. ಅಂಗೈಗೆ ಬಟ್ಟೆ ಸುತ್ತಿಕೊಂಡಿದ್ದಳು.

“ಎಷ್ಟು ಮನಿ?”

“ಒಂಬತ್ತು.”

ಹಂಪಕ್ಕ ಸುಟ್ಟ ಕೈಯ ಬೆರಳು ಮಡಚಿ ಎಣಿಸಿದಳು. “ಆ ಕಡಿ ಆಕಿ ಮನಿ ಸೇರಿ ಹನ್ನೊಂದು, ಈ ಕಡಿ ಒಂಬತ್ತು, ನಮ್ಮದೊಂದು. ಇಪ್ಪತ್ತೊಂದು.” ಸ್ವಲ್ಪ ಸರಿದು ಅವನಿಗೆ ದಾರಿ ಬಿಟ್ಟಳು. “ಇನ್ನ ಹಗೇದೋರು ಎಷ್ಟು ಮನಿ ಅಂತ ಯಾರಾರ ಕೇಳಿದ್ರ ಇಪ್ಪತ್ತೊಂದು ಅನ್ರಿ. ನನ್ನ ಮಗಳಿಗೆ ಹಂಚು ಬೋರಲು ಹಾಕಿದೋರಷ್ಟ ನಮ್ಮೋರು.”

ದೊಡ್ಡಬೀರಪ್ಪ ಹೂಂ ಎಂದು ಒಳಗೆ ಹೋದ.